ಫಾರ್ಮ್ಯಾಟ್ ಎಂಬ ರಾಮಬಾಣ

ಮನೆಯ ಗಣಕಯಂತ್ರ ಶುರುವಾದ ಐದು-ಹತ್ತು ನಿಮಿಷಗಳಲ್ಲಿ, ಅದೂ ಆಗೊಮ್ಮೆ ಈಗೊಮ್ಮೆ, ಶಿಲೆಯಂತೆ ನಿಂತುಬಿಟ್ಟರೆ ದುರಸ್ತಿಗಾರರ ಬಳಿ ಇರುವ ಔಷಧ ಒಂದೇ: 'ಫಾರ್ಮ್ಯಾಟ್ ಮಾಡಿಬಿಡೋಣ.' ಇದು ಚಿಕಿತ್ಸೆಯಲ್ಲ, ರೋಗಪರೀಕ್ಷೆಯಿಂದ ತಪ್ಪಿಸಿಕೊಳ್ಳುವ ದಾರಿ. ಹೀಗೆ ಬಂದುಹೋಗುವ ದೋಷದ ಮೂಲ ಬಹಳ ಸಲ ಯಂತ್ರಾಂಶದಲ್ಲೇ ಇರುತ್ತದೆ: ಸಡಿಲಗೊಂಡ ರ‍್ಯಾಮ್, ಸವೆದ ಹಾರ್ಡ್ ಡಿಸ್ಕ್, ಧೂಳು ಕಟ್ಟಿದ ಫ್ಯಾನ್. ವಿಂಡೋಸನ್ನು ಹತ್ತು ಸಲ ಹೊಸದಾಗಿ ತುಂಬಿದರೂ ಕೆಟ್ಟ ಡಿಸ್ಕ್ ಕೆಟ್ಟದ್ದೇ.

ಪರೀಕ್ಷೆಯೇನು ಬ್ರಹ್ಮವಿದ್ಯೆಯಲ್ಲ. ಯಂತ್ರ ನಿಂತ ಗಳಿಗೆಯ ಆಸುಪಾಸಿನಲ್ಲಿ ಈವೆಂಟ್ ವ್ಯೂವರ್ ಡಿಸ್ಕ್ ದೋಷಗಳನ್ನು ಸಾಲಾಗಿ ದಾಖಲಿಸಿದ್ದರೆ ಸಂಶಯ ಡಿಸ್ಕಿನ ಮೇಲೆ. ಅದರ ಸ್ಮಾರ್ಟ್ ವರದಿ ನೋಡಬೇಕು. ರ‍್ಯಾಮಿಗೆ ಮೆಮ್‌ಟೆಸ್ಟ್86 ಒಂದು ರಾತ್ರಿ ಓಡಲಿ. ಸೇಫ್ ಮೋಡ್‌ನಲ್ಲಿ ಯಂತ್ರ ಗಂಟೆಗಟ್ಟಲೆ ಸರಾಗವಾಗಿ ನಡೆದರೆ, ಆಗ ಡ್ರೈವರುಗಳತ್ತ, ಶುರುವಿನಲ್ಲೇ ಎದ್ದು ಕೂರುವ ತಂತ್ರಾಂಶಗಳತ್ತ ಬೆರಳು ತೋರಿಸೋಣ.

ಇದಕ್ಕೆಲ್ಲ ಮೊದಲು ಕಡತಗಳ ನಕಲು. ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಡೆ ತೆರೆದರೆ ಲ್ಯಾಟಿನ್ ಅಕ್ಷರಗಳ ಕಸದಂತೆ ಕಾಣುತ್ತದೆ. ಪುಣೆಯ, ದೆಹಲಿಯ ದುರಸ್ತಿಗಾರ ಅದನ್ನು ಉಳಿಸಬೇಕಾದರೂ ಏಕೆ? ನಮಗೋ ಅದು 20 ವರ್ಷಗಳ ಕವಿತೆ, ಕನ್ನಡ ಸಂಘದ ನಡಾವಳಿ. ಆತ ಫಾರ್ಮ್ಯಾಟ್ ಎಂದೊಡನೆ ತಲೆಯಾಡಿಸದೆ ಕೇಳಿ: ಯಾವ ಪರೀಕ್ಷೆ ಮಾಡಿದಿರಿ, ಫಲಿತಾಂಶ ಎಲ್ಲಿ?