ಆ ಹಲ್ಲು ಮೊದಲು ಕಂಡದ್ದು ಯುಸ್ರಾಗೆ

‘ಮೊದಲ ಮಹಿಳೆ’ ಅನ್ನೋ ಪಟ್ಟ ಕಟ್ಟಿಬಿಟ್ಟರೆ ನಮ್ಮ ಕೆಲಸ ಮುಗೀತು ಅಂದ್ಕೋತೀವಿ. ಡೊರೋಥಿ ಗ್ಯಾರಡ್ ವಿಷಯದಲ್ಲೂ ಹಾಗೇ ಆಗಿದೆ. 1939ರಲ್ಲಿ ಕೇಂಬ್ರಿಡ್ಜಿನಲ್ಲಿ ಪುರಾತತ್ವದ ಪ್ರೊಫೆಸರ್ ಆದರು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎರಡನ್ನೂ ಸೇರಿಸಿದರೆ ಆ ಹುದ್ದೆಗೇರಿದ ಮೊದಲ ಹೆಂಗಸು. ತಮಾಷೆ ನೋಡಿ, ಆಗ ಕೇಂಬ್ರಿಡ್ಜ್ ಹೆಣ್ಣುಮಕ್ಕಳಿಗೆ ಪೂರ್ಣ ಪದವಿಯನ್ನೇ ಕೊಡ್ತಿರಲಿಲ್ಲ. ಅದು ಸಿಕ್ಕಿದ್ದು 1948ರಲ್ಲಿ!

ನನಗೆ ಆ ಕುರ್ಚಿಗಿಂತ ದೊಡ್ಡದಾಗಿ ಕಾಣೋದು 1929ರಿಂದ 1934ರವರೆಗೆ ಪ್ಯಾಲೆಸ್ಟೈನಿನ ಕಾರ್ಮೆಲ್ ಬೆಟ್ಟದ ಗುಹೆಗಳಲ್ಲಿ ಗ್ಯಾರಡ್ ನಡೆಸಿದ ಉತ್ಖನನ. ಕೆಲಸಕ್ಕೆ ಹೆಚ್ಚಾಗಿ ಸುತ್ತಲ ಹಳ್ಳಿಗಳ ಹೆಂಗಸರನ್ನೇ ಸೇರಿಸಿಕೊಂಡರು. ಅವರಲ್ಲೊಬ್ಬರು ಯುಸ್ರಾ. ಅಗೆದ ಮಣ್ಣನ್ನು ಜರಡಿ ಹಿಡಿಯೋಕೆ ಮುಂಚೆ ಅದರಲ್ಲಿ ಏನಿದೆ ಅಂತ ಆರಿಸೋದು ಅವರ ಕೆಲಸ. 1932ರಲ್ಲಿ ತಾಬೂನ್ ಗುಹೆಯಲ್ಲಿ ಅವರ ಕಣ್ಣಿಗೆ ಒಂದು ಹಲ್ಲು ಬಿತ್ತು. ಅದರ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ನಿಯಾಂಡರ್ತಲ್ ಹೆಂಗಸಿನ ಜಜ್ಜಿಹೋದ ತಲೆಬುರುಡೆ. ಇವತ್ತು ಅದು ‘ತಾಬೂನ್ 1’ ಅಂತ ಜಗತ್ಪ್ರಸಿದ್ಧ.

ಯುಸ್ರಾಗೆ ಕೇಂಬ್ರಿಡ್ಜಿಗೆ ಹೋಗಿ ಓದೋ ಕನಸಿತ್ತಂತೆ. ಕೇಂಬ್ರಿಡ್ಜ್ ಹೆಂಗಸರಿಗೆ ಪದವಿ ಕೊಟ್ಟ ಅದೇ 1948ರಲ್ಲಿ, ಯುದ್ಧಕ್ಕೆ ಸಿಕ್ಕಿ ಆ ಹಳ್ಳಿಗಳ ಜನ ದಿಕ್ಕಾಪಾಲಾದರು. ಪುಸ್ತಕಗಳಲ್ಲಿ ಅವರು ಬರೀ ‘ಯುಸ್ರಾ’. ಮನೆತನವಿಲ್ಲ, ಊರಿನ ವಿಳಾಸವಿಲ್ಲ.

ಗ್ಯಾರಡ್ ಅವರನ್ನು ಕುಗ್ಗಿಸೋಕೆ ಈ ಮಾತಲ್ಲ. ಹೆಂಗಸರ ಕಣ್ಣನ್ನೂ ಕೈಯನ್ನೂ ನಂಬಿದವರೇ ಅವರು. ಆದ್ರೆ ಗುದ್ದಲಿ, ಬುಟ್ಟಿ, ಜರಡಿ ಹಿಡಿದವರನ್ನು ‘ಕೂಲಿಗಳು’ ಅಂತ ಒಂದೇ ಪದದಲ್ಲಿ ಮುಗಿಸಿಬಿಟ್ರೆ ಅದು ಅರ್ಧ ಚರಿತ್ರೆ ಅಷ್ಟೇ. ಬುರುಡೆಗೊಂದು ನಂಬರು ಕೊಟ್ಟು ಜೋಪಾನ ಮಾಡ್ತೀವಿ. ಅದನ್ನು ಗುರುತಿಸಿದವರ ಪೂರ್ತಿ ಹೆಸರು ಬರೆದಿಡೋಕೆ ಒಂದು ಸಾಲು ಸಾಕಿತ್ತು, ಅಲ್ವಾ?

ನೀವೇನಂತೀರಿ?