ಬಲ್ಮಠದಲ್ಲಿ ಸೈಲೆನ್ಸರ್ ಸದ್ದು: ಕಾರು ಮಗನ ಕೈಯಲ್ಲಿ, ಆರ್‌ಸಿ ಅಪ್ಪನ ಹೆಸರಲ್ಲಿ

ಮಂಗಳೂರು: ಹಗಲಿಡೀ ಜ್ಯೋತಿಯಿಂದ ಬೆಂದೂರ್‌ವೆಲ್‌ವರೆಗೆ ಸ್ಕೂಟರ್ ನುಗ್ಗಿಸಲಿಕ್ಕೂ ಜಾಗ ಇಲ್ಲದ ರಸ್ತೆ ಬಲ್ಮಠದ್ದು. ರಾತ್ರಿ ಅಂಗಡಿಗಳ ಶಟರ್ ಬಿದ್ದ ಮೇಲೆ ಅದೇ ರಸ್ತೆ ಕೆಲವು ಹುಡುಗರಿಗೆ ರೇಸ್ ಟ್ರ್ಯಾಕ್ ಆಗಿ ಕಾಣುತ್ತದೆ. ಹಳೇ ಸ್ವಿಫ್ಟೋ ಪೋಲೋವೋ ಇರುತ್ತದೆ, ಹಿಂದೆ ಡಬ್ಬದಷ್ಟು ದಪ್ಪದ ಸೈಲೆನ್ಸರ್, ನೆಲಕ್ಕೆ ತಾಗುವಷ್ಟು ಇಳಿಸಿದ ಬಾಡಿ. ಕೇಳಿದರೆ ‘ರೇಸಿಂಗ್ ಶುರು ಮಾಡಿದ್ದೇವೆ’ ಅನ್ನುತ್ತಾರೆ.

ಇಂಥ ಕಾರುಗಳಲ್ಲಿ ಎಷ್ಟೋ ಅಪ್ಪನ ಹೆಸರಲ್ಲಿ ಇರುತ್ತವೆ. ಅಂಗಡಿ ವ್ಯಾಪಾರದ ದುಡ್ಡಲ್ಲಿ ತೆಗೆದ ಕಾರು. ಆದ್ದರಿಂದ ಈ ವಿಷಯ ಹುಡುಗರಿಗಿಂತ ಮೊದಲು ಅಂಗಡಿಯವರೇ ತಿಳಿದುಕೊಳ್ಳಬೇಕಾದ್ದು.

ಕಾನೂನು ಹೇಳುವುದು ಇಷ್ಟು. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲ ಸಿಕ್ಕಿಬಿದ್ದರೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿದರೆ 1 ವರ್ಷದವರೆಗೆ ಜೈಲು, ದಂಡ 10,000ದವರೆಗೆ. ಇದು ಓಡಿಸಿದವನಿಗೆ. ಕಾರನ್ನು ಕಾನೂನು ಮೀರಿ ಮಾರ್ಪಾಡು ಮಾಡಿದ್ದಕ್ಕೆ 182ಎ ಸೆಕ್ಷನ್ ಹಿಡಿಯುವುದು ಮಾಲೀಕರನ್ನು: ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ, ಇಲ್ಲವೇ 6 ತಿಂಗಳವರೆಗೆ ಜೈಲು. ‘ಆರ್‌ಟಿಒದಲ್ಲಿ ಹೇಳಿ ಸರಿ ಮಾಡಿಸುತ್ತೇವೆ’ ಅನ್ನುವ ಮಾತಿಗೂ ಅರ್ಥ ಇಲ್ಲ. ಪಕ್ಕದ ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ, ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವ ಹಾಗಿಲ್ಲ ಎಂದಿದೆ. ಓಡಿಸಿದವನಿಗೆ 18 ತುಂಬಿರದಿದ್ದರೆ ಕಥೆಯೇ ಬೇರೆ. 199ಎ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, 12 ತಿಂಗಳು ಕಾರಿನ ನೋಂದಣಿ ರದ್ದು.

ದಂಡ ಕಟ್ಟಿ ಮುಗಿಸಬಹುದು. ಇನ್ಶೂರೆನ್ಸ್ ಹಾಗಲ್ಲ ಮಾರಾಯ್ರೆ. ಡ್ರಾಯರ್‌ನಲ್ಲಿ ಮಡಚಿಟ್ಟ ಪಾಲಿಸಿಯನ್ನು ಒಮ್ಮೆ ಬಿಡಿಸಿ ನೋಡಿದರೆ ಗೊತ್ತಾಗುತ್ತದೆ: ಯಾವುದಕ್ಕೆ ವಾಹನ ಬಳಸಬಾರದು ಎಂಬ ಸಾಲಿನಲ್ಲಿ ರೇಸಿಂಗ್, ಸ್ಪೀಡ್ ಟೆಸ್ಟಿಂಗ್ ಎರಡೂ ಉಂಟು. ಕಾರು ಜಖಂ ಆದರೆ ಕ್ಲೇಮ್ ಕೈಬಿಡಬೇಕಾಗಬಹುದು. ದಾರಿಹೋಕರಿಗೆ ಬಡಿದರೆ ಇದೇ ಷರತ್ತು ಮುಂದಿಟ್ಟು ಕಂಪನಿ ಕೋರ್ಟಿನಲ್ಲಿ ವಾದಿಸಬಹುದು, ಕಾಯ್ದೆಯೇ ಆ ಅವಕಾಶ ಕೊಟ್ಟಿದೆ. ಆಮೇಲೆ ಪರಿಹಾರದ ಹಣಕ್ಕೆ ಅಂಗಡಿಯ ಗಲ್ಲಾಪೆಟ್ಟಿಗೆಯೇ ಗತಿ.

ಹಾಗಂತ ಹುಡುಗರ ಆಸೆಯೇ ತಪ್ಪು ಅನ್ನುವುದು ಸರಿಯಲ್ಲ. ಈ ಊರಿಗೆ ಮೋಟಾರು ಕ್ರೀಡೆ ಹೊಸತೇನೂ ಅಲ್ಲ. ಮಂಗಳೂರಿನ ಡೀನ್ ಮಸ್ಕರೇನ್ಹಸ್, ಅರೂರು ಅರ್ಜುನ್ ರಾವ್ ರಾಷ್ಟ್ರೀಯ ರ‍್ಯಾಲಿಯಲ್ಲಿ ಹೆಸರು ಮಾಡಿದವರು. ಕಾಸರಗೋಡಿನ ಮೂಸಾ ಶರೀಫ್ ಅಂತೂ ಸ್ಟೀರಿಂಗ್ ಹಿಡಿಯದೆಯೇ ಹಲವು ಸಲ ರಾಷ್ಟ್ರೀಯ ಚಾಂಪಿಯನ್. ಅವರು ನ್ಯಾವಿಗೇಟರ್. ಪಕ್ಕದ ಸೀಟಿನಲ್ಲಿ ಕೂತು ಮುಂದಿನ ತಿರುವು ಎಷ್ಟು ಚೂಪು, ಎಲ್ಲಿ ಬ್ರೇಕ್ ಎಂದು ನೋಟ್ಸ್ ಓದಿ ಹೇಳುವ ಕೆಲಸ. ಸ್ವಂತ ಕಾರು ಇಲ್ಲದವರಿಗೆ ಇದೇ ಬಾಗಿಲು, ಆದರೆ ನಮ್ಮ ಹುಡುಗರು ಅದರ ಬಗ್ಗೆ ಯೋಚಿಸುವುದೇ ಕಮ್ಮಿ.

ಕಾರು ಇದ್ದವರಿಗೆ ಮೊದಲ ಮೆಟ್ಟಿಲು ಆಟೊಕ್ರಾಸ್. ಒಂದು ಬಯಲು, ಕೋನ್ ಇಟ್ಟು ಗುರುತು ಮಾಡಿದ ದಾರಿ, ಗಡಿಯಾರದ ಎದುರು ಓಟ. ಇದಕ್ಕೆ ಶೋರೂಮಿನಿಂದ ಬಂದ ಹಾಗೇ ಇರುವ ಕಾರು, ಒಳ್ಳೆ ಟಯರು, ಹೆಲ್ಮೆಟ್ ಇದ್ದರೆ ಶುರು ಮಾಡಬಹುದು. ಪೂರ್ತಿ ರ‍್ಯಾಲಿಗೆ ಇಳಿಯುವುದಾದರೆ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ, ಅಂದರೆ ಎಫ್‌ಎಂಎಸ್‌ಸಿಐ ಲೈಸೆನ್ಸ್ ಬೇಕು. ಕಾರಿನೊಳಗೆ ಉಕ್ಕಿನ ರೋಲ್ ಕೇಜ್, ರೇಸಿಂಗ್ ಸೀಟು, ಹಾರ್ನೆಸ್, ಬೆಂಕಿ ನಂದಿಸುವ ಸಿಲಿಂಡರ್ ಬೇಕು. ದುಡ್ಡು ಹಾಕುವವರು ಬ್ರೇಕ್, ಟಯರು, ಸಸ್ಪೆನ್ಷನ್‌ಗೆ ಮೊದಲು ಹಾಕುತ್ತಾರೆ, ಇಂಜಿನ್ ಆಮೇಲೆ. ಬಲ್ಮಠದಲ್ಲಿ ಕೇಳುವ ಕಾರುಗಳಲ್ಲಿ ಇದು ತಲೆಕೆಳಗು. ಮೊದಲು ಸೈಲೆನ್ಸರ್, ನಂತರ ಇಂಜಿನ್‌ನ ರೀಮ್ಯಾಪ್, ಬ್ರೇಕ್ ಮಾತ್ರ ಕಂಪನಿಯದ್ದೇ.

ಅಷ್ಟೆಲ್ಲ ತಯಾರಿ ಇದ್ದರೂ ಅಪಾಯ ಹೋಗುವುದಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಬಾಡ್‌ಮೇರ್‌ನಲ್ಲಿ ರಾಷ್ಟ್ರೀಯ ರ‍್ಯಾಲಿ ನಡೆಯುವಾಗ, ಸ್ಪರ್ಧೆಗೆಂದು ಮುಚ್ಚಿದ್ದ ದಾರಿಗೆ ಬೈಕೊಂದು ಬಂತು. ಸ್ಪರ್ಧೆಯ ಕಾರು ಬಡಿದು ಬೈಕಿನಲ್ಲಿದ್ದ ಒಂದೇ ಮನೆಯ ಮೂವರು ಸತ್ತರು. ದೇಶದಲ್ಲೇ ಅತ್ಯಂತ ಅನುಭವಿ ಜೋಡಿಯ ಕಾರು ಅದು. ಮುಚ್ಚಿದ ರಸ್ತೆಯಲ್ಲೇ ಹೀಗಾದರೆ, ನೈಟ್ ಡ್ಯೂಟಿಯ ನರ್ಸ್‌ಗಳು, ಡೆಲಿವರಿ ಹುಡುಗರು, ಕೊನೆಯ ಬಸ್ ಇಳಿದು ನಡೆದು ಹೋಗುವವರು ಇರುವ ಬಲ್ಮಠದ ಗತಿ ಏನು?

ಹಾಗಾದರೆ ಹುಡುಗರು ಎಲ್ಲಿಗೆ ಹೋಗಬೇಕು? ಇಲ್ಲಿಗೆ ಹತ್ತಿರದ ಹೆಸರಾಂತ ಟ್ರ್ಯಾಕ್ ಅಂದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಇನ್ನೊಂದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ. ಒಂದು ಭಾನುವಾರಕ್ಕೆ ಹೋಗಿ ಬರುವ ದೂರ ಅಲ್ಲ. ಚಿಕ್ಕಮಗಳೂರಿನವರು ಕಾಫಿ ತೋಟದ ಖಾಸಗಿ ದಾರಿಗಳಲ್ಲೇ ರ‍್ಯಾಲಿ ಮಾಡುತ್ತಾರೆ, ಘಟ್ಟ ಹತ್ತಿದರೆ ಅದನ್ನು ನೋಡಬಹುದು. ನಮ್ಮಲ್ಲಿ ದಾರಿ ಇಲ್ಲವೇ ಅಂದರೆ, ಓಟದ ಹುಚ್ಚಿಗೆ ವ್ಯವಸ್ಥೆ ಮಾಡಿದ ಊರೇ ಇದು. ಕಂಬಳಕ್ಕೆ ಗೊತ್ತಾದ ದಿನ, ಗೊತ್ತಾದ ಕರೆ, ಗಡಿ ದಾಟಿದ್ದನ್ನು ಹಿಡಿಯುವ ಲೇಸರ್ ಎಲ್ಲ ಉಂಟು. ನಿಷೇಧದ ಭಯ ಬಂದಾಗ ಕಾನೂನು ತಿದ್ದಿಸಿ, 2023ರ ಮೇನಲ್ಲಿ ಸುಪ್ರೀಂ ಕೋರ್ಟಿನಲ್ಲೂ ಗೆದ್ದರು. ಕೋಣಗಳನ್ನು ಯಾರೂ ಕಲೆಕ್ಟರ್ಸ್ ಗೇಟಿನಲ್ಲಿ ಓಡಿಸುವುದಿಲ್ಲ.

ಕಾರಿಗೆ ಕಾನೂನು ತಿದ್ದುವ ಕೆಲಸವೂ ಇಲ್ಲ. 189ನೇ ಸೆಕ್ಷನ್ನಿನಲ್ಲೇ ‘ಲಿಖಿತ ಒಪ್ಪಿಗೆ’ ಎಂಬ ಬಾಗಿಲು ಇದೆ, ಖಾಸಗಿ ಬಯಲಾದರೆ ಇನ್ನೂ ಸುಲಭ. ಮಾನ್ಯತೆ ಇರುವ ಒಂದು ಕ್ಲಬ್, ಜಾಗ ಕೊಡುವ ಒಬ್ಬ ಧಣಿ, ಆಂಬುಲೆನ್ಸ್, ಪೊಲೀಸರ ಅನುಮತಿ ಬೇಕು. ಪೊಲೀಸರು ಸೈಲೆನ್ಸರ್ ಕಿತ್ತು ರೋಲರ್ ಹತ್ತಿಸಿದರೆ ನಾಲ್ಕು ದಿನ ರಸ್ತೆ ತಣ್ಣಗಿರುತ್ತದೆ, ಐದನೇ ದಿನ ಹೊಸತು ಬರುತ್ತದೆ. ಮಳೆಗಾಲದಲ್ಲಿ ಬಯಲೆಲ್ಲ ಕೆಸರು, ಏನೂ ನಡೆಯುವುದಿಲ್ಲ. ದಸರಾ ಕಳೆದ ಮೇಲೆ ಮೇವರೆಗೆ ಸಮಯ ಉಂಟು, ಅರ್ಜಿ ಮಾತ್ರ ಮಳೆ ಇರುವಾಗಲೇ ಕೊಟ್ಟಿರಬೇಕು.