ತಡವಾದ ತನಿಖೆ: ಸೇಲಂ ಕಲಿಸಿದ ಪಾಠ

ಕಳ್ಳನು ಕನ್ನ ಕೊರೆದು ಒಳನುಗ್ಗಿದರೆ ಗೋಡೆಯಲ್ಲಿ ಗುರುತು ಉಳಿಯುತ್ತದೆ. ಮೊಬೈಲಿನ ಮೂಲಕ ಇನ್ನೊಬ್ಬರ ಮಾನ ಕಳೆಯುವವನು ಮಾತ್ರ ಯಾವ ಗುರುತನ್ನೂ ಬಿಡುವುದಿಲ್ಲವೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಇದು ತಪ್ಪು ತಿಳುವಳಿಕೆ. ಅವನೂ ಗುರುತು ಬಿಟ್ಟೇ ಹೋಗುತ್ತಾನೆ. ಆದರೆ ಆ ಗುರುತು ಬಹುಕಾಲ ಉಳಿಯುವಂಥದಲ್ಲ. ಅದನ್ನು ಅರಸಿ ಹೊರಡುವವರು ಎಷ್ಟು ಬೇಗ ಹೊರಟರು ಎಂಬುದೇ ಇಲ್ಲಿ ಮುಖ್ಯ.

2016ರ ಜೂನ್ ತಿಂಗಳಲ್ಲಿ ತಮಿಳುನಾಡಿನ ಸೇಲಂ ಜಿಲ್ಲೆಯಲ್ಲಿ ನಡೆದ ದುರಂತವನ್ನು ಈ ದೃಷ್ಟಿಯಿಂದ ನೆನಪಿಸಿಕೊಳ್ಳಬೇಕಾಗಿದೆ. ಪದವೀಧರೆಯಾದ 21ರ ಹರೆಯದ ಯುವತಿಯೊಬ್ಬಳ ಮುಖವನ್ನು ಅಶ್ಲೀಲ ಚಿತ್ರಕ್ಕೆ ಜೋಡಿಸಿ ಯಾರೋ ಫೇಸ್‌ಬುಕ್‌ನಲ್ಲಿ ಹಾಕಿದರು. ಮನೆಯವರು ಪೋಲೀಸರಿಗೆ ದೂರು ಕೊಟ್ಟರು. ಅಮೆರಿಕದ ಸಂಸ್ಥೆಯಿಂದ ಮಾಹಿತಿ ಬರಬೇಕು, ಅದಕ್ಕೆ ವಾರಗಳೇ ಬೇಕು ಎಂಬ ಉತ್ತರ ಸಿಕ್ಕಿತು. ಅಷ್ಟರಲ್ಲಿ ಇನ್ನೊಂದು ಚಿತ್ರವೂ ಕಾಣಿಸಿಕೊಂಡಿತು. ಜೂನ್ 27ರಂದು ಆಕೆ ಪ್ರಾಣ ಕಳೆದುಕೊಂಡಳು. ತನ್ನವರೇ ತನ್ನನ್ನು ನಂಬಲಿಲ್ಲವಲ್ಲ ಎಂಬ ನೋವು ಆಕೆ ಬರೆದಿಟ್ಟ ಪತ್ರದಲ್ಲಿತ್ತು. ಇದಾದ ಕೆಲವೇ ದಿನಗಳಲ್ಲಿ ಐ.ಪಿ. ವಿಳಾಸದ ಜಾಡು ಹಿಡಿದು ಪೋಲೀಸರು ಆರೋಪಿಯನ್ನು ಬಂಧಿಸಿದರು. ಜಿಲ್ಲಾ ಪೋಲೀಸ್ ವರಿಷ್ಠಾಧಿಕಾರಿಗಳು ವಿಳಂಬಕ್ಕಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. ವಾರಗಳು ಬೇಕೆಂದಿದ್ದ ಕೆಲಸ ಸಾವಿನ ಮರುದಿನಗಳಲ್ಲಿ ಹೇಗೆ ಸಾಧ್ಯವಾಯಿತು? ಈ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗುವಂತಿಲ್ಲ.

ಸೇಲಂ ನಮಗೆ ಪರಕೀಯ ಊರೇನಲ್ಲ. ಅಲ್ಲಿಯ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು. 2004ರ ತನಕ ಧರ್ಮಪುರಿ ಜಿಲ್ಲೆಗೆ ಸೇರಿದ್ದು, ಈಗ ಕೃಷ್ಣಗಿರಿ ಜಿಲ್ಲೆಯಲ್ಲಿರುವ ಹೊಸೂರು ಭಾಗದಲ್ಲಿಯೂ ಕನ್ನಡಿಗರಿದ್ದಾರೆ. ಮನೆಯಲ್ಲಿ ಒಂದು ಭಾಷೆ, ಠಾಣೆಯಲ್ಲಿ ಇನ್ನೊಂದು ಭಾಷೆ ಎಂಬ ಪರಿಸ್ಥಿತಿ ನಮ್ಮಂತೆಯೇ ಅವರದೂ ಆಗಿದೆ.

ತಮಿಳುನಾಡಿನ ಪೋಲೀಸರಿಗೆ ಈ ಕೆಲಸ ಗೊತ್ತಿರಲಿಲ್ಲವೇ? ಹಾಗೆ ಹೇಳುವಂತಿಲ್ಲ. 2004ರ ಫೆಬ್ರವರಿಯಲ್ಲಿ ಚೆನ್ನೈಯಲ್ಲಿ ಒಬ್ಬ ಮಹಿಳೆ ದೂರು ಕೊಟ್ಟರು. ಯಾಹೂವಿನ ಒಂದು ಗುಂಪಿನಲ್ಲಿ ಅವರ ಹೆಸರಿಗೆ ಮಸಿ ಬಳಿಯುವ ಬರಹಗಳನ್ನು ಯಾರೋ ಹಾಕಿದ್ದರು. ಪೋಲೀಸರು ಆ ಬರಹಗಳ ಜಾಡು ಹಿಡಿದರು, ಆರೋಪಿಯನ್ನು ಮುಂಬಯಿಯಿಂದ ಕರೆತಂದರು, ಸೈಬರ್ ಕೆಫೆಯವರಿಂದ ಸಾಕ್ಷ್ಯ ನುಡಿಸಿದರು. ಅದೇ ವರ್ಷದ ನವೆಂಬರ್ 5ರಂದು ಶಿಕ್ಷೆಯಾಯಿತು. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯ 67ನೇ ಕಲಮಿನಡಿ ದೇಶದಲ್ಲಿ ಆದ ಮೊದಲ ಶಿಕ್ಷೆ ಇದೆಂದು ಹೇಳಲಾಗುತ್ತದೆ. ಮನಸ್ಸಿದ್ದಲ್ಲಿ ಒಂದು ವರ್ಷದೊಳಗೆ ನ್ಯಾಯ ದೊರಕಿತು. ಹನ್ನೆರಡು ವರ್ಷಗಳ ಬಳಿಕ ಅದೇ ರಾಜ್ಯದಲ್ಲಿ ಮೊದಲ ಹೆಜ್ಜೆಗೇ ತಡವಾಯಿತು.

ಈ ಪತ್ತೆಯ ವಿದ್ಯೆಗೆ ಡಿಜಿಟಲ್ ವಿಧಿವಿಜ್ಞಾನವೆಂದು ಹೆಸರು. ಅದರ ರೀತಿಯನ್ನು ಸ್ಥೂಲವಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಅಂತರ್ಜಾಲ ಸೇರುವ ಪ್ರತಿ ಸಂಪರ್ಕಕ್ಕೂ ಒಂದು ಐ.ಪಿ. ವಿಳಾಸವಿರುತ್ತದೆ. ಯಾವ ಹೊತ್ತಿಗೆ ಆ ವಿಳಾಸ ಯಾರ ಬಳಿ ಇತ್ತೆಂಬ ದಾಖಲೆ ಸೇವೆ ಒದಗಿಸುವ ಕಂಪೆನಿಯಲ್ಲಿರುತ್ತದೆ. ಆದರೆ ಮೊಬೈಲ್ ಜಾಲದಲ್ಲಿ ಒಂದೇ ವಿಳಾಸವನ್ನು ಏಕಕಾಲಕ್ಕೆ ಬಹುಮಂದಿ ಹಂಚಿಕೊಂಡಿರುವುದುಂಟು. ಆದುದರಿಂದ ನಿಖರವಾದ ವೇಳೆ ಗೊತ್ತಾಗದಿದ್ದರೆ ವ್ಯಕ್ತಿಯನ್ನು ಗುರುತಿಸುವುದು ಕಷ್ಟ. ಈ ದಾಖಲೆಗಳನ್ನು ಶಾಶ್ವತವಾಗಿ ಇಡುವುದೂ ಇಲ್ಲ.

ವಶಪಡಿಸಿಕೊಂಡ ಕಂಪ್ಯೂಟರಿನ ಡಿಸ್ಕನ್ನು ತಜ್ಞರು ನೇರವಾಗಿ ತಡಕಾಡುವುದಿಲ್ಲ. ಮೂಲದ ಮೇಲೆ ಒಂದಕ್ಷರವೂ ಹೊಸದಾಗಿ ಬೀಳದಂತೆ ತಡೆಯುವ ಉಪಕರಣ ಜೋಡಿಸಿ, ಅದರ ಯಥಾಪ್ರತಿ ತೆಗೆದು ಅದನ್ನು ಪರಿಶೀಲಿಸುತ್ತಾರೆ. ಮೂಲಕ್ಕೂ ಪ್ರತಿಗೂ ಲೆಕ್ಕ ಹಾಕಿ ಒಂದು ಸಂಖ್ಯೆ ಪಡೆಯುತ್ತಾರೆ. ಇದಕ್ಕೆ ಹ್ಯಾಶ್ ಎನ್ನುತ್ತಾರೆ. ಒಂದು ಅಲ್ಪವಿರಾಮ ಬದಲಾದರೂ ಈ ಸಂಖ್ಯೆ ಬದಲಾಗುತ್ತದೆ. ಲಕೋಟೆಗೆ ಹಾಕಿದ ಅರಗಿನ ಮುದ್ರೆಯಂತೆ ಇದೂ ಸಾಕ್ಷ್ಯವನ್ನು ಯಾರೂ ತಿದ್ದಿಲ್ಲವೆಂಬುದಕ್ಕೆ ಆಧಾರವಾಗುತ್ತದೆ. ಅಳಿಸಿಹಾಕಿದ ಕಡತಗಳೂ ಕೆಲವೊಮ್ಮೆ ಸಿಗುತ್ತವೆ. ಪುಸ್ತಕದ ಪರಿವಿಡಿಯಿಂದ ಹೆಸರು ಹೊಡೆದರೂ ಪುಟ ಉಳಿದಿರುವುದಿಲ್ಲವೇ, ಹಾಗೆ. ಆದರೆ ಆ ಪುಟದ ಮೇಲೆ ಬೇರೊಂದು ಬರಹ ಬಿದ್ದರೆ ಹಳೆಯದು ಹೋದಂತೆಯೇ.

ನ್ಯಾಯಾಲಯಕ್ಕೆ ಇದೂ ಸಾಲದು. ನಮ್ಮ ಕೇರಳದ ಏರನಾಡು ಚುನಾವಣೆಯ ತಕರಾರಿನಲ್ಲಿ ಸುಪ್ರೀಂ ಕೋರ್ಟು 2014ರಲ್ಲಿ ಕೊಟ್ಟ ತೀರ್ಪನ್ನು ನೋಡಿ. ವಿಧಿವತ್ತಾದ ಪ್ರಮಾಣಪತ್ರವಿಲ್ಲದ ಸಿ.ಡಿ.ಗಳನ್ನು ಸಾಕ್ಷ್ಯವಾಗಿ ಸ್ವೀಕರಿಸಲಾಗದೆಂದು ನ್ಯಾಯಾಲಯ ಸಾರಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮೂ ಪ್ರಮಾಣಪತ್ರವನ್ನು ಕೇಳುತ್ತದೆ, ಅದರಲ್ಲಿ ಹ್ಯಾಶ್ ಸಂಖ್ಯೆಯೂ ಇರಬೇಕು. ವಿಜ್ಞಾನ ಎಷ್ಟೇ ಮುಂದುವರಿದಿದ್ದರೂ ಮೊದಲ ದಿನದ ಅಜಾಗರೂಕತೆಯಿಂದ ಮೊಕದ್ದಮೆ ಬಿದ್ದುಹೋಗಬಹುದು.

ಹಾಗಾದರೆ ಆಗಬೇಕಾದುದೇನು? ಸೇಲಂ, ಧರ್ಮಪುರಿ, ಕಾಸರಗೋಡು ಎಲ್ಲ ಕಡೆಯೂ ಈಗ ಸೈಬರ್ ಠಾಣೆಗಳಿವೆ. ಯಾವ ಠಾಣೆಯೂ ತನ್ನ ವ್ಯಾಪ್ತಿಯಲ್ಲವೆಂದು ದೂರನ್ನು ತಳ್ಳಿಹಾಕಬಾರದೆಂದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ಹೀಗಿದ್ದರೂ ಮಾಹಿತಿ ತಂತ್ರಜ್ಞಾನ ಕಾಯಿದೆಯ ಪ್ರಕರಣವನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಇದು ಹೊರೆಯನ್ನು ಕೆಲವರ ಮೇಲೆಯೇ ಹೊರಿಸುತ್ತದೆ. ತರಬೇತಿ ಪಡೆದ ಸಬ್ ಇನ್‌ಸ್ಪೆಕ್ಟರರಿಗೂ ಈ ಅಧಿಕಾರ ಕೊಡುವುದನ್ನು ಸರಕಾರ ಯೋಚಿಸಬೇಕು.

ಇನ್ನು ಭಾಷೆಯ ಪ್ರಶ್ನೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ನಾಚಿಕೆಯಿಂದ ಕುಗ್ಗಿದ ಹುಡುಗಿ ತನ್ನ ಸಂಕಟವನ್ನು ತನಗೆ ಬಾರದ ಭಾಷೆಯಲ್ಲಿ ಬಿಡಿಸಿ ಹೇಳಬೇಕೆಂದರೆ ಅದು ಆಗುವ ಮಾತೇ? ಗಡಿ ಜಿಲ್ಲೆಗಳ ಸೈಬರ್ ಠಾಣೆಗಳಲ್ಲಿ ಕನ್ನಡ ಬಲ್ಲ ಮಹಿಳಾ ಸಿಬ್ಬಂದಿ ಒಬ್ಬರಾದರೂ ಇರಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಎಲ್ಲವನ್ನೂ ಸರಕಾರದ ತಲೆಗೆ ಕಟ್ಟುವುದೂ ಸರಿಯಲ್ಲ. ಮಕ್ಕಳು ಬಂದು ಹೇಳಿದಾಗ ಹೆತ್ತವರು, ಅಧ್ಯಾಪಕರಾದ ನಾವು ಮೊದಲು ಕೇಳುವುದು, "ನೀನೇನು ಮಾಡಿದೆ?" ಎಂದು. ಆ ಪ್ರಶ್ನೆಯನ್ನು ಬಿಟ್ಟುಬಿಡೋಣ. ಮಾನಕ್ಕೆ ಅಂಜಿ ಫೋನಿನಲ್ಲಿರುವುದನ್ನು ಅಳಿಸಬಾರದು. ಪುಟದ ವಿಳಾಸ, ದಿನ, ಗಂಟೆ ಬರೆದಿಡಬೇಕು. ಚಿತ್ರವನ್ನು ಇನ್ನೊಬ್ಬರಿಗೆ ಕಳುಹಿಸಕೂಡದು. ಅದೇ ದಿನ ಠಾಣೆಗೆ ಹೋಗಬೇಕು. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಜಾಲತಾಣದಲ್ಲಿ ಮಹಿಳೆಯರ ಮತ್ತು ಮಕ್ಕಳ ವಿಷಯದಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಇಷ್ಟನ್ನು ನಮ್ಮ ಕನ್ನಡ ಶಾಲೆಗಳಲ್ಲಿ ಎಂಟನೇ ತರಗತಿಯಿಂದಲೇ ಕನ್ನಡದಲ್ಲಿ ಕಲಿಸಲು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.

ಸೇಲಂನಲ್ಲಿ ಅಪರಾಧಿಯ ಜಾಡನ್ನು ಹಿಡಿಯುವ ವಿದ್ಯೆ ಇತ್ತು, ಕಾನೂನೂ ಇತ್ತು. ಆ ಹುಡುಗಿ ಬದುಕಿರುವಾಗ ಅವುಗಳನ್ನು ಬಳಸುವ ತುರ್ತು ಯಾರಿಗೂ ಕಾಣಲಿಲ್ಲ. ಮುಂದಿನ ದೂರು ನಮ್ಮ ಊರಿನಿಂದಲೇ ಬರಬಹುದು. ಆಗಲಾದರೂ ತಡವಾಗದಿರಲಿ.